ಚುನಾವಣಾ ಕಾರ್ಯಾಲಯದೊಡನೆ ವರ್ತಕರ ವ್ಯವಹಾರ: ಬೇಡಿಕೆ, ಬಿಲ್ಲು, ದೇಣಿಗೆ ಎಲ್ಲವೂ ಲಿಖಿತವಾಗಿರಲಿ

ವಿಧಾನಸಭಾ ಚುನಾವಣೆ ಘೋಷಣೆಯಾದೊಡನೆ ರಾಜ್ಯದ ಪ್ರತಿಯೊಂದು ಊರಿನ ಪೇಟೆಬೀದಿಯಲ್ಲಿ ಹೊಸ ಕಾರ್ಯಾಲಯಗಳು ತಲೆಯೆತ್ತುತ್ತವೆ. ಬಹುಕಾಲದಿಂದ ಖಾಲಿಯಿದ್ದ ಮಳಿಗೆಗೆ ಬಾವುಟ, ಶಾಮಿಯಾನ, ಬಾಡಿಗೆ ಕುರ್ಚಿಗಳು ಬರುತ್ತವೆ. ಮತದಾನ ಮುಗಿದ ಕೆಲವೇ ದಿನಗಳಲ್ಲಿ ಅದೇ ಮಳಿಗೆಗೆ ಮತ್ತೆ ಬೀಗ ಬೀಳುತ್ತದೆ. ಕಾರ್ಯಾಲಯದ ಆಯುಷ್ಯ ಅಲ್ಪವಾದರೂ ವರ್ತಕ ಸಮುದಾಯಕ್ಕೆ ಅದರೊಡನೆ ಬರುವ ಸಂಬಂಧ ಅಲ್ಪವಾದುದಲ್ಲ.

ಈ ಸಂಬಂಧ ಮೂರು ಬಗೆಯದು. ಮೊದಲನೆಯದಾಗಿ ವರ್ತಕನು ಮತದಾರ. ರಸ್ತೆ, ವಿದ್ಯುತ್, ಪರವಾನಗಿಗಳ ತೊಂದರೆಯನ್ನು ಅಭ್ಯರ್ಥಿಯ ಮುಂದಿಡಬೇಕಾದವನು. ಎರಡನೆಯದಾಗಿ ಅವನು ಮಾರಾಟಗಾರ. ಕರಪತ್ರ, ಫ್ಲೆಕ್ಸ್, ಧ್ವನಿವರ್ಧಕ, ಊಟೋಪಚಾರ, ವಾಹನಗಳನ್ನು ಒದಗಿಸುವವನು. ಮೂರನೆಯದಾಗಿ ಅವನು ದಾನಿ. ಪಕ್ಷದವರು ರಸೀದಿ ಪುಸ್ತಕ ಹಿಡಿದು ಮೊದಲು ಬರುವುದು ಅವನ ಗಲ್ಲಾಪೆಟ್ಟಿಗೆಯ ಬಳಿಗೆ. ಈ ಮೂರು ವ್ಯವಹಾರಗಳಿಗೂ ಕಾನೂನಿನಲ್ಲಿ ಒಂದು ಲಿಖಿತ ರೂಪವಿದೆ. ಅದನ್ನು ಪಾಲಿಸಿದವನ ಹಣವೂ ಮರ್ಯಾದೆಯೂ ಉಳಿಯುತ್ತವೆ. ಬಾಯಿಮಾತಿನಲ್ಲಿ ನಡೆದುಕೊಂಡವನು ಎರಡನ್ನೂ ಕಳೆದುಕೊಳ್ಳುವ ಸಂಭವವೇ ಹೆಚ್ಚು.

ದೊರೆಯುವ ಕಾಲಾವಧಿ

ಅಭ್ಯರ್ಥಿಯನ್ನು ಸಂಪರ್ಕಿಸಲು ದೊರೆಯುವ ಕಾಲ ಎಷ್ಟು ಕಡಿಮೆ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆ, 1951ರ ಪ್ರಕಾರ ಅಧಿಸೂಚನೆಯ ಏಳನೆಯ ದಿನ ನಾಮಪತ್ರ ಸಲ್ಲಿಕೆಗೆ ಕೊನೆಯ ದಿನ, ಮರುದಿನ ಪರಿಶೀಲನೆ, ಅದಾದ ಎರಡನೆಯ ದಿನ ಹಿಂತೆಗೆತ. ಮತದಾನವು ಹಿಂತೆಗೆತದ ಹದಿನಾಲ್ಕನೆಯ ದಿನಕ್ಕಿಂತ ಮೊದಲು ನಡೆಯುವಂತಿಲ್ಲ.

ಕರ್ನಾಟಕದಲ್ಲಿ ಕಳೆದ ವಿಧಾನಸಭಾ ಚುನಾವಣೆ ಘೋಷಣೆಯಾದುದು 2023ರ ಮಾರ್ಚ್ 29ರಂದು. ಅಧಿಸೂಚನೆ ಏಪ್ರಿಲ್ 13, ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 20, ಹಿಂತೆಗೆತ ಏಪ್ರಿಲ್ 24, ಮತದಾನ ಮೇ 10, ಎಣಿಕೆ ಮೇ 13. ಮತದಾನ ಮುಗಿಯುವ ಸಮಯಕ್ಕೆ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲಬೇಕಾದುದರಿಂದ ಮೇ 8ರ ಸಂಜೆಗೆ ಸಭೆಗಳೆಲ್ಲ ಮುಗಿದವು. ಕಣದಲ್ಲಿ ಉಳಿದವರು ಯಾರೆಂದು ಖಚಿತವಾದ ಮೇಲೆ ದೊರೆತದ್ದು ಕೇವಲ ಎರಡು ವಾರ. ಈಗಿನ ವಿಧಾನಸಭೆ ಪೂರ್ಣಾವಧಿ ನಡೆದರೆ ಮುಂದಿನ ಚುನಾವಣೆ 2028ರಲ್ಲಿ ಬರಲಿದೆ. ಬೇಡಿಕೆಗಳ ಪಟ್ಟಿಯನ್ನು ಘೋಷಣೆಗೆ ಮುಂಚೆಯೇ ಸಿದ್ಧಪಡಿಸಿಟ್ಟುಕೊಂಡ ಸಂಘಕ್ಕೆ ಮಾತ್ರ ಆ ಎರಡು ವಾರ ಸಾಲುತ್ತದೆ.

ಯಾರಲ್ಲಿ ಏನನ್ನು ಕೇಳಬೇಕು?

ವಿಧಾನಸಭೆಯ ಅಭ್ಯರ್ಥಿಗೆ ಸಲ್ಲುವ ಮನವಿಗಳಲ್ಲಿ ಅವರ ಕೈಯಲ್ಲಿಲ್ಲದ ವಿಷಯಗಳೇ ತುಂಬಿರುವುದು ಸಾಮಾನ್ಯ. ಜಿಎಸ್‌ಟಿ ದರವನ್ನು ಇಳಿಸಬೇಕೆಂಬುದು ಇಂತಹ ಒಂದು ಬೇಡಿಕೆ. ದರವನ್ನು ಶಿಫಾರಸು ಮಾಡುವುದು ಸಂವಿಧಾನದ 279ಎ ವಿಧಿಯನ್ವಯ ರಚಿತವಾದ ಜಿಎಸ್‌ಟಿ ಮಂಡಳಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೆಯ ಒಂದು ಭಾಗ, ಎಲ್ಲ ರಾಜ್ಯಗಳ ಮತಕ್ಕೆ ಒಟ್ಟಾಗಿ ಮೂರನೆಯ ಎರಡು ಭಾಗ ತೂಕವಿದ್ದು, ನಿರ್ಣಯಕ್ಕೆ ನಾಲ್ಕನೆಯ ಮೂರು ಭಾಗದ ಬಹುಮತ ಬೇಕು. ಶಾಸಕರೊಬ್ಬರು ಇದರಲ್ಲಿ ಮಾಡಬಹುದಾದುದು ರಾಜ್ಯದ ಪ್ರತಿನಿಧಿಯ ಮೇಲೆ ಒತ್ತಾಯ ತರುವುದಷ್ಟೆ.

ವಿದ್ಯುತ್ ದರದ ಮಾತೂ ಅಷ್ಟೆ. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಸರ್ಕಾರ ಯಾವುದೇ ವರ್ಗದ ಗ್ರಾಹಕರಿಗೆ ರಿಯಾಯಿತಿ ಕೊಡಬಯಸಿದರೆ ವಿದ್ಯುಚ್ಛಕ್ತಿ ಕಾಯ್ದೆ, 2003ರ ಪ್ರಕಾರ ಆ ಮೊತ್ತವನ್ನು ತಾನೇ ಮುಂಗಡವಾಗಿ ಭರಿಸಬೇಕು. ಆದುದರಿಂದ “ದರ ಇಳಿಸಿ” ಎನ್ನುವ ಬದಲು “ಸಣ್ಣ ಘಟಕಗಳಿಗೆ ಸಹಾಯಧನಕ್ಕಾಗಿ ಆಯವ್ಯಯದಲ್ಲಿ ಹಣವಿಡುವಂತೆ ಒತ್ತಾಯಿಸುವಿರಾ?” ಎಂದು ಕೇಳುವುದು ಸಾರ್ಥಕವಾದ ಪ್ರಶ್ನೆ.

ಶಾಸನಸಭೆಯ ವ್ಯಾಪ್ತಿಗೆ ನೇರವಾಗಿ ಬರುವ ವಿಷಯಗಳೂ ಸಾಕಷ್ಟಿವೆ. ವೃತ್ತಿ ತೆರಿಗೆಯನ್ನು ರಾಜ್ಯವೇ ವಿಧಿಸುತ್ತದೆ. ಸಂವಿಧಾನದ 276ನೆಯ ವಿಧಿಯಂತೆ ಅದು ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಕೃಷಿ ಮಾರುಕಟ್ಟೆಯ ಶುಲ್ಕ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಬಡಾವಣೆಗಳ ರಸ್ತೆ ಮತ್ತು ನೀರು, ಉದ್ದಿಮೆ ಪರವಾನಗಿಯ ನಿಯಮಗಳು ರಾಜ್ಯದ ಕಾನೂನುಗಳ ಅಡಿಯಲ್ಲಿಯೇ ಬರುತ್ತವೆ. ಪರವಾನಗಿಯನ್ನು ನೀಡುವುದು ನಗರಸಭೆಯಾದರೂ ಶಾಸಕರು ತಮ್ಮ ಕ್ಷೇತ್ರದ ಸ್ಥಳೀಯ ಸಂಸ್ಥೆಯ ಸಭೆಯಲ್ಲಿ ಕುಳಿತುಕೊಳ್ಳುವವರು; ಅಲ್ಲಿ ಅವರ ಮಾತಿಗೆ ಬೆಲೆಯಿದೆ.

ಮನವಿ ಹೇಗಿರಬೇಕು?

ಹದಿನೈದು ಬೇಡಿಕೆಗಳಿರುವ ಮನವಿಗಿಂತ ಮೂರು ಬೇಡಿಕೆಗಳಿರುವ ಮನವಿ ಹೆಚ್ಚು ಪ್ರಯೋಜನಕಾರಿ. “ಕೈಗಾರಿಕೆಗೆ ಒತ್ತು ನೀಡುವಿರಾ?” ಎಂದರೆ ಯಾವ ಅಭ್ಯರ್ಥಿಯೂ ಇಲ್ಲವೆನ್ನುವುದಿಲ್ಲ. “ವಸಾಹತಿನ ಮುಖ್ಯ ರಸ್ತೆಯ ಚರಂಡಿ ಕಾಮಗಾರಿಯ ಬಗ್ಗೆ ಮೊದಲ ವರ್ಷದಲ್ಲಿಯೇ ಸದನದಲ್ಲಿ ಪ್ರಶ್ನೆ ಎತ್ತುವಿರಾ? ಹೌದು ಅಥವಾ ಇಲ್ಲ” ಎಂದರೆ ಉತ್ತರವನ್ನು ಮುಂದೆ ಪರೀಕ್ಷಿಸಬಹುದು. ಮನವಿಯು ಒಂದೇ ಪುಟದಲ್ಲಿರಲಿ, ಎರಡು ಪ್ರತಿಗಳಿರಲಿ, ಒಂದರ ಮೇಲೆ ಅಭ್ಯರ್ಥಿಯ ಅಥವಾ ಅವರ ಚುನಾವಣಾ ಏಜೆಂಟರ ಸಹಿ ಮತ್ತು ದಿನಾಂಕ ಪಡೆಯಬೇಕು. ಒಂದೇ ಪಾಠದ ಮನವಿಯನ್ನು ಕಣದಲ್ಲಿರುವ ಎಲ್ಲರಿಗೂ ಕೊಡಬೇಕು. ಗೆಲ್ಲುವರೆಂದು ತೋರಿದವರಿಗೆ ಮಾತ್ರ ಕೊಟ್ಟ ಮನವಿ ಎಣಿಕೆಯ ದಿನ ವ್ಯರ್ಥವಾಗಬಹುದು.

ಈ ಕ್ರಮ ಹೊಸದೇನಲ್ಲ. ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದಲ್ಲಿ 1977ರಿಂದ, ಒಂಟಾರಿಯೊ ಪ್ರಾಂತ್ಯದಲ್ಲಿ 2017ರಿಂದ ಕಂಪನಿಗಳೂ ಕಾರ್ಮಿಕ ಸಂಘಗಳೂ ರಾಜಕೀಯ ಪಕ್ಷಗಳಿಗೆ ದೇಣಿಗೆ ನೀಡುವಂತಿಲ್ಲ. ಆದಾಗ್ಯೂ ಪ್ರಾಂತೀಯ ಚುನಾವಣೆ ಬಂದಾಗ ಅಲ್ಲಿನ ವಾಣಿಜ್ಯ ಮಂಡಳಿಗಳು ಸುಮ್ಮನಿರುವುದಿಲ್ಲ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನಾವಳಿಯನ್ನು ಕಳುಹಿಸುವುದು, ಬಂದ ಉತ್ತರಗಳನ್ನು ಸದಸ್ಯರಿಗೆ ತಿಳಿಸುವುದು, ಎಲ್ಲರನ್ನೂ ಒಂದೇ ವೇದಿಕೆಗೆ ಕರೆದು ಪ್ರಶ್ನಿಸುವುದು ಅಲ್ಲಿನ ರೂಢಿ. ಹಣದ ನೆರವಿಲ್ಲದೆಯೂ ಅಭ್ಯರ್ಥಿಯ ಕಿವಿಯನ್ನು ತಲಪಬಹುದೆಂಬುದಕ್ಕೆ ಇದೊಂದು ನಿದರ್ಶನ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1916ರಲ್ಲಿಯೇ ವಾಣಿಜ್ಯ ಮಂಡಳಿಯನ್ನು ಕಂಡ ಈ ನಾಡಿನಲ್ಲಿ ಇಂತಹ ಪದ್ಧತಿ ಬೇರೂರಲು ಅಡ್ಡಿಯೇನಿಲ್ಲ. ಸಭೆ ಕರೆಯುವ ಮುನ್ನ ಚುನಾವಣಾಧಿಕಾರಿಗಳಿಂದ ಅನುಮತಿ ಪಡೆಯುವುದು, ಉಡುಗೊರೆ ಮತ್ತು ಭೋಜನಕೂಟಗಳನ್ನು ದೂರವಿಡುವುದು ಕ್ಷೇಮಕರ.

ಒಂದು ಎಚ್ಚರಿಕೆ ಅಗತ್ಯ. ಚುನಾವಣೆ ಘೋಷಣೆಯಾದ ದಿನದಿಂದಲೇ ಮಾದರಿ ನೀತಿ ಸಂಹಿತೆ ಜಾರಿಗೆ ಬರುತ್ತದೆ. ಆ ಅವಧಿಯಲ್ಲಿ ಸಚಿವರು ಹೊಸ ಅನುದಾನ ಘೋಷಿಸುವಂತಿಲ್ಲ, ರಸ್ತೆ ಮುಂತಾದ ಕಾಮಗಾರಿಗಳ ಆಶ್ವಾಸನೆ ನೀಡುವಂತಿಲ್ಲ. ಅಧಿಕಾರದಲ್ಲಿರುವವರಿಂದ ಆ ದಿನಗಳಲ್ಲಿ ಆದೇಶವನ್ನು ನಿರೀಕ್ಷಿಸುವುದು ತಪ್ಪು. ಸದನದಲ್ಲಿ ಯಾವ ನಿಲುವು ತಳೆಯುವರೆಂಬ ಉತ್ತರವನ್ನು ಮಾತ್ರ ಕೇಳಬೇಕು.

ಕಾರ್ಯಾಲಯದ ಮೆಟ್ಟಿಲು ಹತ್ತುವ ಮುನ್ನ ಅಭ್ಯರ್ಥಿಯ ಪ್ರಮಾಣಪತ್ರವನ್ನು ಓದುವುದೂ ಉಪಯುಕ್ತ. ನಾಮಪತ್ರದೊಡನೆ ಸಲ್ಲಿಸಬೇಕಾದ ನಮೂನೆ 26ರಲ್ಲಿ ಆಸ್ತಿ, ಸಾಲ, ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ, ಆದಾಯ ಮತ್ತು ಮೊಕದ್ದಮೆಗಳ ವಿವರಗಳಿರುತ್ತವೆ. ಚುನಾವಣಾ ಆಯೋಗದ ಅಂತರ್ಜಾಲ ತಾಣದಲ್ಲಿ ಅದು ಎಲ್ಲರಿಗೂ ಲಭ್ಯ. ಸಾವಿರ ರೂಪಾಯಿಯ ಉದರಿ ಕೊಡುವಾಗ ಗಿರಾಕಿಯ ಪೂರ್ವಾಪರ ವಿಚಾರಿಸುವ ವರ್ತಕನಿಗೆ ಈ ಹಾಳೆಗಳು ಹೊರೆಯಾಗಲಾರವು.

ಉದರಿಯ ಬಲೆ

ಚುನಾವಣೆಯಲ್ಲಿ ಅತಿ ಹೆಚ್ಚು ನಷ್ಟಕ್ಕೊಳಗಾಗುವವರು ಸಣ್ಣ ಪೂರೈಕೆದಾರರು. ಮುದ್ರಕರು, ಶಾಮಿಯಾನದವರು, ಹೋಟೆಲಿನವರು, ವಾಹನ ಮಾಲೀಕರು ಕಾರ್ಯಕರ್ತನ ಒಂದು ದೂರವಾಣಿ ಕರೆಯ ಮೇಲೆ ಸರಕು ಕಳುಹಿಸುತ್ತಾರೆ. ಮತದಾನದ ಮರುದಿನ ಕಾರ್ಯಾಲಯವೂ ಇರುವುದಿಲ್ಲ, ಆ ಕಾರ್ಯಕರ್ತನೂ ಸಿಗುವುದಿಲ್ಲ. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ಈ ವ್ಯವಹಾರಕ್ಕೆ ಹೇಳಿ ಮಾಡಿಸಿದಂತಿದೆ.

ಇದಕ್ಕೆ ಕಾನೂನಿನ ಹಿನ್ನೆಲೆಯೂ ಉಂಟು. ಪ್ರಜಾಪ್ರತಿನಿಧಿ ಕಾಯ್ದೆಯ 77ನೆಯ ಪ್ರಕರಣದಂತೆ ಅಭ್ಯರ್ಥಿಯು ಲೆಕ್ಕವಿಡಬೇಕಾದುದು ತಾನು ಅಥವಾ ತನ್ನ ಚುನಾವಣಾ ಏಜೆಂಟನು ಮಾಡಿದ, ಇಲ್ಲವೆ ಅಧಿಕಾರ ಕೊಟ್ಟು ಮಾಡಿಸಿದ ವೆಚ್ಚಕ್ಕೆ. ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 2018ರಲ್ಲಿ 28 ಲಕ್ಷ ರೂಪಾಯಿಗಳಿದ್ದು, 2020ರಲ್ಲಿ 30.8 ಲಕ್ಷಕ್ಕೂ 2022ರ ಜನವರಿಯಲ್ಲಿ 40 ಲಕ್ಷಕ್ಕೂ ಏರಿತು. ಮಿತಿಯ ಅಂಚಿಗೆ ಬಂದ ಕಾರ್ಯಾಲಯಕ್ಕೆ ಯಾವುದಾದರೊಂದು ಬಿಲ್ಲನ್ನು “ಇದು ನಮ್ಮ ಆದೇಶವಲ್ಲ” ಎನ್ನುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಬರಹದ ಆದೇಶವಿಲ್ಲದ ಪೂರೈಕೆದಾರನು ಆಗ ನಿರುತ್ತರನಾಗುತ್ತಾನೆ.

ಆದುದರಿಂದ ಮೊದಲು ವಿಚಾರಿಸಬೇಕಾದುದು ಆದೇಶ ಅಭ್ಯರ್ಥಿಯದೋ ಪಕ್ಷದ್ದೋ ಎಂಬುದನ್ನು. ಅಭ್ಯರ್ಥಿಯದಾದರೆ ಅವರ ಅಥವಾ ಚುನಾವಣಾ ಏಜೆಂಟರ ಸಹಿ ಬೇಕು. ಏಜೆಂಟರ ನೇಮಕ ಚುನಾವಣಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಲ್ಪಟ್ಟಿರುತ್ತದೆ. ಏಜೆಂಟರು ಯಾರೆಂದು ಕೇಳಿ ತಿಳಿಯುವುದು ಕಷ್ಟವಲ್ಲ. ಪಕ್ಷದ್ದಾದರೆ ಅದರ ಜಿಲ್ಲಾ ಅಥವಾ ರಾಜ್ಯ ಘಟಕದ ಅಧಿಕೃತ ಪತ್ರ ಬೇಕು.

ಹಣ ಪಾವತಿಗೂ ಕಟ್ಟುನಿಟ್ಟಾದ ದಾರಿಯಿದೆ. ನಾಮಪತ್ರ ಸಲ್ಲಿಕೆಗೆ ಕನಿಷ್ಠ ಒಂದು ದಿನ ಮೊದಲು ಅಭ್ಯರ್ಥಿಯು ಚುನಾವಣಾ ವೆಚ್ಚಕ್ಕಾಗಿಯೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದಿರಬೇಕು. 2018ರ ನವೆಂಬರಿನಲ್ಲಿ ಚುನಾವಣಾ ಆಯೋಗ ಹೊರಡಿಸಿದ ಸೂಚನೆಯಂತೆ, ಇಡೀ ಚುನಾವಣೆಯ ಅವಧಿಯಲ್ಲಿ ಒಬ್ಬ ವ್ಯಕ್ತಿಗೆ ಅಥವಾ ಒಂದು ಸಂಸ್ಥೆಗೆ ನಗದಾಗಿ ಕೊಡಬಹುದಾದುದು ಒಟ್ಟು 10,000 ರೂಪಾಯಿ ಮಾತ್ರ. ಅದಕ್ಕೆ ಮುಂಚೆ ಈ ಮಿತಿ 20,000 ಇತ್ತು. ಉಳಿದುದೆಲ್ಲ ಆ ಖಾತೆಯ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಬರಬೇಕು.

ಉದಾಹರಣೆಗೆ, ಮುದ್ರಕನೊಬ್ಬನ ಬಿಲ್ಲು 90,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದನ್ನು ಒಂಬತ್ತು ಕಂತುಗಳಲ್ಲಿ ನಗದಾಗಿ ಕೊಡುತ್ತೇವೆಂದು ಕಾರ್ಯಾಲಯ ಹೇಳಿದರೆ ಅದು ನಿಯಮಕ್ಕೆ ವಿರುದ್ಧ. “ಬಿಲ್ಲನ್ನು ನಮ್ಮ ಸ್ನೇಹಿತರ ಅಂಗಡಿಯ ಹೆಸರಿಗೆ ಬರೆಯಿರಿ” ಎಂದರೆ ಅಪಾಯ ಇನ್ನೂ ಹೆಚ್ಚು. ಸರಕು ಒಬ್ಬರಿಗೆ ಹೋಗಿ ಬಿಲ್ಲು ಇನ್ನೊಬ್ಬರ ಹೆಸರಿಗೆ ಹೊರಟರೆ ಜಿಎಸ್‌ಟಿ ಕಾನೂನಿನಡಿ ಅದು ದಂಡನೀಯ. ಅಭ್ಯರ್ಥಿಯ ಮೇಲೆ ಹಣ ಕೇಳುವ ಹಕ್ಕೂ ಅಲ್ಲಿಗೆ ದುರ್ಬಲವಾಗುತ್ತದೆ. ಬಾಕಿ ವಸೂಲಾಗದಿದ್ದರೂ ಬಿಲ್ಲು ಹೊರಟ ತಿಂಗಳ ಜಿಎಸ್‌ಟಿಯನ್ನು ಮುದ್ರಕನೇ ಕಟ್ಟಬೇಕು ಎಂಬುದನ್ನು ಮರೆಯಬಾರದು. ಅಂದರೆ ಉದರಿ ಮುಳುಗಿದರೆ ಕಾಗದ, ಶಾಯಿ, ಕೂಲಿಗಳ ಜೊತೆಗೆ ತೆರಿಗೆಯೂ ಕೈಯಿಂದಲೇ ಹೋಗುತ್ತದೆ. ಕನಿಷ್ಠ ಅರ್ಧದಷ್ಟು ಮೊತ್ತವನ್ನು ಮುಂಗಡವಾಗಿ ಚುನಾವಣಾ ಖಾತೆಯಿಂದಲೇ ಪಡೆಯುವುದು ಜಾಣತನ.

ಬಿಲ್ಲನ್ನು ತಡಮಾಡದೆ ಸಲ್ಲಿಸುವುದೂ ಮುಖ್ಯ. ಫಲಿತಾಂಶ ಪ್ರಕಟವಾದ 30 ದಿನಗಳೊಳಗೆ ಅಭ್ಯರ್ಥಿಯು ಜಿಲ್ಲಾ ಚುನಾವಣಾಧಿಕಾರಿಗಳಿಗೆ ಲೆಕ್ಕ ಒಪ್ಪಿಸಬೇಕು. ಸೂಕ್ತ ಕಾರಣವಿಲ್ಲದೆ ತಪ್ಪಿದರೆ ಆಯೋಗವು ಮೂರು ವರ್ಷ ಅನರ್ಹಗೊಳಿಸಬಹುದು. ಆ ಲೆಕ್ಕದಲ್ಲಿ ಸೇರಿದ ಬಿಲ್ಲನ್ನು ಮುಂದೆ ಅಲ್ಲಗಳೆಯುವುದು ಅಭ್ಯರ್ಥಿಗೆ ಸುಲಭವಲ್ಲ. ಸೇರದ ಬಿಲ್ಲನ್ನು ತರುವಾಯ ಒಪ್ಪಿಕೊಳ್ಳುವುದು ಅವರಿಗೆ ಇನ್ನೂ ಕಷ್ಟ. ಈ 30 ದಿನಗಳೇ ಪೂರೈಕೆದಾರನ ನಿಜವಾದ ವಸೂಲಿ ಕಾಲ. ಸಲ್ಲಿಕೆಯಾದ ಲೆಕ್ಕವನ್ನು ಯಾರು ಬೇಕಾದರೂ ಅಲ್ಪ ಶುಲ್ಕ ನೀಡಿ ಪರಿಶೀಲಿಸಬಹುದು.

ದರವನ್ನು ಇಷ್ಟ ಬಂದಂತೆ ತೋರಿಸುವಂತೆಯೂ ಇಲ್ಲ. ಕುರ್ಚಿ, ಶಾಮಿಯಾನ, ಧ್ವನಿವರ್ಧಕ, ವಾಹನ, ಊಟ ಮುಂತಾದುವುಗಳಿಗೆ ಜಿಲ್ಲಾ ಚುನಾವಣಾಧಿಕಾರಿಗಳು ದರಪಟ್ಟಿ ಪ್ರಕಟಿಸುತ್ತಾರೆ. ಸಭೆಗಳನ್ನು ಚಿತ್ರೀಕರಿಸಿ, ಕುರ್ಚಿಗಳನ್ನು ಎಣಿಸಿ, ಅಧಿಕಾರಿಗಳು ತಮ್ಮದೇ ಆದ ನೆರಳು ವಹಿಯೊಂದನ್ನು ಇಡುತ್ತಾರೆ. ಅಭ್ಯರ್ಥಿಯ ದಿನವಹಿ ಬಿಳಿ, ನಗದು ವಹಿ ಗುಲಾಬಿ, ಬ್ಯಾಂಕ್ ವಹಿ ಹಳದಿ ಹಾಳೆಗಳಲ್ಲಿರುತ್ತದೆ. ಎರಡೂ ಕಡೆಯ ಲೆಕ್ಕ ತಾಳೆಯಾಗದಿದ್ದರೆ ವೆಚ್ಚ ವೀಕ್ಷಕರು ಪೂರೈಕೆದಾರನಿಂದಲೂ ವಿವರಣೆ ಕೇಳುವ ಸಂದರ್ಭ ಬರಬಹುದು.

ಮುದ್ರಕರಿಗೆ ಇನ್ನೊಂದು ಹೊಣೆಯಿದೆ. ಕಾಯ್ದೆಯ 127ಎ ಪ್ರಕರಣದಂತೆ ಪ್ರತಿ ಕರಪತ್ರ, ಭಿತ್ತಿಪತ್ರದ ಮೇಲೆ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕನು ಸಹಿ ಮಾಡಿ, ಅವನನ್ನು ಬಲ್ಲ ಇಬ್ಬರು ದೃಢೀಕರಿಸಿದ ಘೋಷಣೆಯನ್ನು ಎರಡು ಪ್ರತಿಗಳಲ್ಲಿ ಪಡೆಯದೆ ಯಂತ್ರಕ್ಕೆ ಕಾಗದ ಹಾಕುವಂತಿಲ್ಲ. ಮುದ್ರಣದ ತರುವಾಯ ಘೋಷಣೆಯನ್ನೂ ಮುದ್ರಿತ ಪ್ರತಿಯನ್ನೂ ಜಿಲ್ಲಾ ದಂಡಾಧಿಕಾರಿಗಳಿಗೆ, ರಾಜಧಾನಿಯಲ್ಲಾದರೆ ಮುಖ್ಯ ಚುನಾವಣಾಧಿಕಾರಿಗಳಿಗೆ ಕಳುಹಿಸಬೇಕು. ತಪ್ಪಿದರೆ ಆರು ತಿಂಗಳವರೆಗಿನ ಕಾರಾಗೃಹ ವಾಸ ಅಥವಾ 2,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಉಂಟು.

ದೇಣಿಗೆಯೂ ಜಾಹೀರಾತೂ

ದೇಣಿಗೆ ಕೊಡುವುದು ಅಪರಾಧವಲ್ಲ, ಕಡ್ಡಾಯವೂ ಅಲ್ಲ. ಕಂಪನಿಯಾದರೆ ಕಂಪನಿ ಕಾಯ್ದೆ, 2013ರ 182ನೆಯ ಪ್ರಕರಣ ಅನ್ವಯಿಸುತ್ತದೆ. ಕಂಪನಿಗೆ ಮೂರು ಹಣಕಾಸು ವರ್ಷಗಳಾಗಿರಬೇಕು, ನಿರ್ದೇಶಕ ಮಂಡಳಿಯ ನಿರ್ಣಯವಿರಬೇಕು, ನಗದು ಕೂಡದು. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯವು ಚುನಾವಣಾ ಬಾಂಡ್ ಯೋಜನೆಯನ್ನು ರದ್ದುಗೊಳಿಸಿದಾಗ, ಕಂಪನಿಗಳ ದೇಣಿಗೆಗಿದ್ದ ಮಿತಿಯನ್ನು ತೆಗೆದುಹಾಕಿದ್ದ 2017ರ ತಿದ್ದುಪಡಿಯನ್ನೂ ಅಸಂವಿಧಾನಿಕವೆಂದು ಸಾರಿತು. ಆ ಮಿತಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 7.5.

ಆದಾಯ ತೆರಿಗೆಯ ಕಡಿತ ದೊರೆಯುವುದು ನೋಂದಾಯಿತ ಪಕ್ಷಕ್ಕೆ ಅಥವಾ ಚುನಾವಣಾ ಟ್ರಸ್ಟಿಗೆ ನಗದಲ್ಲದ ರೂಪದಲ್ಲಿ ಕೊಟ್ಟ ದೇಣಿಗೆಗೆ ಮಾತ್ರ. ಅಭ್ಯರ್ಥಿಯ ಕೈಗೆ ಕೊಟ್ಟ ಹಣಕ್ಕೆ ಅದು ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೂ ಅದು ಲಭ್ಯವಾಗದು. ಪಕ್ಷದ ಸ್ಮರಣ ಸಂಚಿಕೆಗೆ ಕೊಟ್ಟ ಜಾಹೀರಾತಿನ ವೆಚ್ಚವನ್ನು ವ್ಯಾಪಾರದ ಖರ್ಚೆಂದು ತೋರಿಸಲು ತೆರಿಗೆ ಕಾನೂನು ಒಪ್ಪುವುದಿಲ್ಲ.

ಉತ್ಸಾಹದಿಂದ ಮಾಡುವ ಇನ್ನೊಂದು ತಪ್ಪಿದೆ. ಮೆಚ್ಚಿನ ಅಭ್ಯರ್ಥಿಗೆ ಶುಭ ಕೋರಿ ಸ್ವಂತ ಖರ್ಚಿನಲ್ಲಿ ಪತ್ರಿಕೆಗೆ ಜಾಹೀರಾತು ಕೊಡುವ ವರ್ತಕರಿದ್ದಾರೆ. ಅಭ್ಯರ್ಥಿಯ ಲಿಖಿತ ಅಧಿಕಾರವಿಲ್ಲದೆ ಅವರ ಗೆಲುವಿಗಾಗಿ ಸಭೆ, ಜಾಹೀರಾತು, ಕರಪತ್ರಗಳಿಗೆ ಹಣ ವ್ಯಯಿಸುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 176ನೆಯ ಪ್ರಕರಣದಂತೆ ಅಪರಾಧ. 10,000 ರೂಪಾಯಿವರೆಗೆ ದಂಡವಿದೆ. ಹಿಂದಿನ ದಂಡ ಸಂಹಿತೆಯಲ್ಲಿಯೂ ಇದು ಅಪರಾಧವೇ ಆಗಿತ್ತು.

ದಾರಿಯಲ್ಲಿ ನಗದು

ನೀತಿ ಸಂಹಿತೆಯ ಕಾಲದಲ್ಲಿ ತನಿಖಾ ಠಾಣೆಗಳನ್ನು ದಾಟುವ ವರ್ತಕರ ಆತಂಕ ಎಲ್ಲರಿಗೂ ತಿಳಿದುದೇ. ಅಭ್ಯರ್ಥಿ, ಏಜೆಂಟ್, ಪಕ್ಷದ ಕಾರ್ಯಕರ್ತರಿರುವ ಅಥವಾ ಚುನಾವಣಾ ಸಾಮಗ್ರಿ ಹೊತ್ತ ವಾಹನದಲ್ಲಿ 50,000 ರೂಪಾಯಿಗೂ ಹೆಚ್ಚಿನ ನಗದು ಕಂಡುಬಂದರೆ ಅದನ್ನು ವಶಪಡಿಸಿಕೊಳ್ಳಬಹುದು. ಆದುದರಿಂದ ಕಾರ್ಯಾಲಯಕ್ಕೆ ಭಿತ್ತಿಪತ್ರ ತಲಪಿಸುವ ವಾಹನದಲ್ಲಿಯೇ ದಿನದ ವಸೂಲಿ ಹಣವನ್ನು ತರುವುದು ಸಲ್ಲದು. ನಗದು ಒಯ್ಯುವವರ ಬಳಿ ಬ್ಯಾಂಕಿನಿಂದ ಹಣ ತೆಗೆದ ಚೀಟಿ, ನಗದು ಪುಸ್ತಕದ ಪ್ರತಿ, ಬಿಲ್ಲುಗಳು ಮತ್ತು ಗುರುತಿನ ಚೀಟಿ ಇರಬೇಕು. ವಶವಾದಲ್ಲಿ ರಸೀದಿ ಪಡೆದು, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ವೆಚ್ಚ ನಿರ್ವಹಣೆಯ ನೋಡಲ್ ಅಧಿಕಾರಿ ಮತ್ತು ಜಿಲ್ಲಾ ಖಜಾನಾಧಿಕಾರಿಗಳ ಸಮಿತಿಗೆ ದಾಖಲೆಗಳೊಡನೆ ಮನವಿ ಸಲ್ಲಿಸಬೇಕು. ಹಣಕ್ಕೂ ಚುನಾವಣೆಗೂ ಸಂಬಂಧವಿಲ್ಲವೆಂದು ಕಂಡುಬಂದರೆ ಬಿಡುಗಡೆ ಮಾಡುವ ಅಧಿಕಾರ ಆ ಸಮಿತಿಗಿದೆ.

ಒಂದು ಕಡತ ಸಾಕು

ಇಷ್ಟೆಲ್ಲ ನಿಯಮಗಳಿಗೆ ಬೇಕಾಗುವುದು ಒಂದೇ ಒಂದು ಕಡತ. ಅದರಲ್ಲಿ ಸಹಿಯಾದ ಮನವಿಯ ಪ್ರತಿ, ಆದೇಶ ಪತ್ರಗಳು, ಬಿಲ್ಲುಗಳು ಮತ್ತು ಅವು ತಲಪಿದ ದಾಖಲೆ, ಬ್ಯಾಂಕ್ ಜಮೆಯ ವಿವರ, ದೇಣಿಗೆಯ ರಸೀದಿ ಇರಲಿ. ಚುನಾವಣೆ ಮುಗಿದ ಮೇಲೆ ಅದನ್ನು ಕಟ್ಟಿಡದೆ, ಗೆದ್ದವರ ಮೊದಲ ವರ್ಷ ತುಂಬಿದಾಗ ಮತ್ತೆ ಬಿಚ್ಚಬೇಕು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವವರು ಎಲ್ಲ ಪಕ್ಷಗಳಲ್ಲಿಯೂ ಇರುತ್ತಾರೆ. ಅಂಥವರ ಮುಂದೆ ವರ್ತಕರ ಸಂಘವು ಅವರದೇ ಸಹಿಯಿರುವ ಒಂದು ಹಾಳೆಯನ್ನಿಟ್ಟು “ಈ ಮೂರರಲ್ಲಿ ಯಾವುದು ಆಗಿದೆ?” ಎಂದು ಕೇಳುವ ಸ್ಥಿತಿಯಲ್ಲಿರಬೇಕು. ಉದರಿ ಬಾಕಿಯ ಹಂಗಿನಲ್ಲಿಯೂ ಲೆಕ್ಕಕ್ಕೆ ಸೇರದ ದೇಣಿಗೆಯ ಹಂಗಿನಲ್ಲಿಯೂ ಇರುವವನಿಗೆ ಈ ಪ್ರಶ್ನೆ ಕೇಳುವ ಧೈರ್ಯ ಬರಲಾರದು; ಲೆಕ್ಕ ಶುದ್ಧವಾಗಿಟ್ಟವನಿಗೆ ಅದು ಹಕ್ಕಾಗಿಯೇ ಒದಗುತ್ತದೆ.